ಕ್ರಿಸ್ಮಸ್ ಕಳ್ಳಿಯು ಬಾಡಿದಾಗ ಮಾಡತಕ್ಕ ಪರೀಕ್ಷೆಯೂ ಚಿಕಿತ್ಸೆಯೂ

ಡಿಸೆಂಬರ್ ತಿಂಗಳಿನ ಕ್ರಿಸ್ಮಸ್ ಹಬ್ಬದ ಸುಮಾರಿಗೆ ಕೆಂಪು, ಗುಲಾಬಿ ಅಥವಾ ಬಿಳಿಯ ಹೂಗಳನ್ನು ತುದಿತುದಿಯಲ್ಲಿ ತೂಗಾಡಿಸುವ ಒಂದು ಕುಂಡದ ಗಿಡವು ಬೆಂಗಳೂರು, ಕೊಡಗು, ಚಿಕ್ಕಮಗಳೂರು ಮೊದಲಾದ ತಂಪಾದ ಸೀಮೆಗಳ ಮನೆಗಳ ಜಗಲಿಯಲ್ಲಿ ಕಾಣಬರುತ್ತದೆ. ಇದಕ್ಕೆ ಕ್ರಿಸ್ಮಸ್ ಕಳ್ಳಿಯೆಂದು ಹೆಸರು. ಸರಿಯಾಗಿ ನೋಡಿಕೊಂಡ ಪಕ್ಷದಲ್ಲಿ ಈ ಗಿಡವು ಹಲವು ದಶಕಗಳ ಕಾಲ ಬದುಕಿ, ತಾಯಿಯ ಕೈಯಿಂದ ಮಗಳ ಕೈಗೆ ಬರುವ ಒಡವೆಯಂತೆ ಉಳಿಯಬಲ್ಲದು. ಆದರೆ ಕೊಂಡು ತಂದ ಗಿಡಗಳಲ್ಲಿ ಅನೇಕವು ಒಂದೆರಡು ಮಳೆಗಾಲಗಳನ್ನು ಕಾಣುವುದರೊಳಗಾಗಿ ತಿಪ್ಪೆಗೆ ಸೇರುತ್ತವೆ. ಇವು ಉಪೇಕ್ಷೆಯಿಂದ ಸಾಯುವುದಕ್ಕಿಂತ ಹೆಚ್ಚಾಗಿ ಯಜಮಾನರ ಅತಿಯಾದ ಉಪಚಾರದಿಂದಲೇ ಸಾಯುತ್ತವೆ.

ಕಳ್ಳಿಯೆಂಬ ಹೆಸರೇ ಮೊದಲನೆಯ ತಪ್ಪಿಗೆ ಕಾರಣವು. ಬೇಲಿಯ ಪಾಪಸುಕಳ್ಳಿಯಂತೆ ಇದೂ ಉರಿಬಿಸಿಲನ್ನೂ ಬರಗಾಲವನ್ನೂ ಸಹಿಸುವುದೆಂದು ಕೆಲವರು ತಿಳಿಯುತ್ತಾರೆ. ವಾಸ್ತವವಾಗಿ ಇದರ ತವರೂರು ಮರುಭೂಮಿಯಲ್ಲ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ, ರಿಯೊ ಡಿ ಜನೈರೊ ಪಟ್ಟಣದ ಸಮೀಪದ ಮಂಜು ಕವಿದ ಬೆಟ್ಟದ ಕಾಡುಗಳು. ಅಲ್ಲಿ ಇದು ಮರದ ಕೊಂಬೆಯ ಕವಲಿನಲ್ಲಿಯೂ ಬಂಡೆಯ ಬಿರುಕಿನಲ್ಲಿಯೂ ಸಂಗ್ರಹವಾದ ದರಗು, ಪಾಚಿಗಳಲ್ಲಿ ಬೇರೂರಿ ಬೆಳೆಯುತ್ತದೆ. ನಮ್ಮ ಮಲೆನಾಡಿನ ಮರಗಳ ಮೇಲೆ ಸೀತಾಳೆ ದಂಡೆಯು ಬೆಳೆಯುವ ಕ್ರಮವೂ ಇದೇ. ಇದು ಬದನಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಮರದಿಂದ ಆಶ್ರಯವನ್ನು ಮಾತ್ರ ಪಡೆಯುತ್ತದೆ. ಮಳೆಯ ನೀರು ಬೇರನ್ನು ತೋಯಿಸಿ ಒಡನೆಯೇ ಇಳಿದುಹೋಗುತ್ತದೆ, ಗಾಳಿಯು ಸದಾ ಆಡುತ್ತಿರುತ್ತದೆ, ಮರದ ನೆರಳು ಬಿಸಿಲನ್ನು ತಡೆಯುತ್ತದೆ. ಈ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಮುಂದಿನ ಚಿಕಿತ್ಸೆಯೆಲ್ಲವೂ ಸುಲಭವಾಗಿ ತಿಳಿಯುವುದು. ಮಧ್ಯರಾತ್ರಿಯಲ್ಲಿ ಅರಳುವ, ನಮ್ಮವರು ಬ್ರಹ್ಮಕಮಲವೆಂದು ಕರೆಯುವ ಕುಂಡದ ಗಿಡವೂ ಮರದ ಮೇಲೆ ಬೆಳೆಯುವ ಕಳ್ಳಿಯ ಜಾತಿಯದೇ ಆದುದರಿಂದ, ಬೇರಿನ ವಿಷಯದಲ್ಲಿ ಇಲ್ಲಿ ಹೇಳುವುದು ಅದಕ್ಕೂ ಸಲ್ಲುತ್ತದೆ.

ಈ ಗಿಡಕ್ಕೆ ಎಲೆಗಳಿಲ್ಲ. ಎಲೆಗಳಂತೆ ಒಂದರ ತುದಿಗೊಂದು ಪೋಣಿಸಿಕೊಂಡಿರುವ ಚಪ್ಪಟೆಯಾದ ಹಸಿರು ಬಿಲ್ಲೆಗಳು ಕಾಂಡದ ಭಾಗಗಳೇ ಆಗಿವೆ. ಅಂಗಡಿಗಳಲ್ಲಿ ದೊರೆಯುವ ಗಿಡಗಳಲ್ಲಿ ಹೆಚ್ಚಿನವುಗಳ ಬಿಲ್ಲೆಯ ಅಂಚು ಚೂಪಾದ ಹಲ್ಲುಗಳಿಂದ ಕೂಡಿರುತ್ತದೆ. ಇದು ಶ್ಲುಂಬೆರ್ಗೆರಾ ಟ್ರಂಕೇಟಾ ಎಂಬ ಜಾತಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಎರಡು ಜಾತಿಗಳನ್ನು ಕೂಡಿಸಿ ಪಡೆದ ಹಳೆಯ ಮಿಶ್ರತಳಿಯ ಅಂಚಾದರೋ ಗುಂಡಾಗಿರುತ್ತದೆ. ಚಿಕಿತ್ಸೆಯ ವಿಷಯದಲ್ಲಿ ಇವುಗಳಿಗೆ ಭೇದವಿಲ್ಲ.

ಆರೋಗ್ಯವುಳ್ಳ ಬಿಲ್ಲೆಯು ಗಟ್ಟಿಯಾಗಿ, ತುಂಬಿಕೊಂಡು ಇರುವುದು. ಅದು ಮೆತ್ತಗಾಗಿ, ಸುಕ್ಕುಗಟ್ಟಿ ಜೋತುಬಿದ್ದ ಕೂಡಲೆ ಮನೆಯವರು ಚೊಂಬು ಹಿಡಿದು ಬರುವುದು ವಾಡಿಕೆ. ಇಲ್ಲಿಯೇ ಅಪಾಯವಿರುವುದು. ನೀರು ಸಾಲದೆ ಒಣಗಿದ ಗಿಡವೂ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಮೇಲುನೋಟಕ್ಕೆ ಒಂದೇ ವಿಧವಾಗಿ ಬಾಡುತ್ತವೆ. ಮೊದಲನೆಯದಕ್ಕೆ ಕುಂಡದಲ್ಲಿ ನೀರಿಲ್ಲ. ಎರಡನೆಯದಕ್ಕೆ ನೀರುಂಟು, ಕುಡಿಯುವ ಬಾಯಿಯಿಲ್ಲ. ಒಂದಕ್ಕೆ ಅಮೃತವಾದ ನೀರು ಇನ್ನೊಂದಕ್ಕೆ ವಿಷವಾಗುತ್ತದೆ. ತೋಟವುಳ್ಳವರಿಗೆ ಈ ಸಂಗತಿಯು ಹೊಸದಲ್ಲ. ಮಳೆಗಾಲದಲ್ಲಿ ಮಣ್ಣು ಜವುಗಾಗಿರುವಾಗಲೇ ಮೆಣಸಿನ ಬಳ್ಳಿಯು ಸೊರಗಿ ಬೀಳುವುದನ್ನೂ, ಶುಂಠಿಯ ಎಲೆ ಹಳದಿಯಾಗಿ ಗಿಡವು ಮಲಗುವುದನ್ನೂ ಅವರು ಕಂಡೇ ಇರುತ್ತಾರೆ. ಮೆಣಸಿನ ಸೊರಗುರೋಗಕ್ಕೆ ಕಾರಣವಾದ ಫೈಟಾಫ್ತೊರ, ಶುಂಠಿಯ ಕೊಳೆರೋಗಕ್ಕೆ ಕಾರಣವಾದ ಪಿಥಿಯಂ ಎಂಬ ಸೂಕ್ಷ್ಮಜೀವಿಗಳ ಕುಲದವೇ ಈ ಕುಂಡದ ಗಿಡದ ಬೇರನ್ನೂ ಕೊಳೆಯಿಸುತ್ತವೆ. ನಿಂತ ನೀರೇ ಅವುಗಳಿಗೆ ಅನುಕೂಲ.

ಆದಕಾರಣ ಗಿಡವು ಬಾಡಿದಾಗ ಒಂದು ಹನಿ ನೀರನ್ನೂ ಹಾಕುವುದಕ್ಕೆ ಮೊದಲು ಪರೀಕ್ಷೆ ಮಾಡತಕ್ಕದ್ದು. ಮೊದಲು ಕುಂಡವನ್ನು ಕೈಯಲ್ಲಿ ಎತ್ತಿ ನೋಡಬೇಕು. ಹಗುರವಾಗಿದ್ದು, ಬೆರಳನ್ನು ಎರಡು ಅಂಗುಲ ಇಳಿಸಿದರೂ ತೇವವು ತಾಗದಿದ್ದರೆ, ಮಣ್ಣು ಕುಂಡದ ಅಂಚನ್ನು ಬಿಟ್ಟು ಕುಗ್ಗಿದ್ದರೆ, ಅದು ಬಾಯಾರಿಕೆ. ಕುಂಡವು ಭಾರವಾಗಿದ್ದು ಮಣ್ಣು ಒದ್ದೆಯಾಗಿದ್ದೂ ಗಿಡವು ಬಾಡಿದ್ದರೆ ಸಂಶಯಪಡಬೇಕು. ಆಗ ಮಣ್ಣಿನ ಮೇಲೆ ಅಂಗೈಯನ್ನು ಹರಡಿ, ಗಿಡವನ್ನು ಬೆರಳುಗಳ ಸಂದಿನಲ್ಲಿ ಹಿಡಿದು, ಕುಂಡವನ್ನು ಬೋರಲಾಗಿಸಿ ಮೆಲ್ಲನೆ ತಟ್ಟಿದರೆ ಮಣ್ಣಿನ ಹೆಂಟೆಯು ಬೇರುಸಹಿತ ಕೈಗೆ ಬರುವುದು. ಒಳ್ಳೆಯ ಬೇರು ಬಿಳುಪಾಗಿ ಅಥವಾ ಮಾಸಲು ಬಣ್ಣವಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು ಅಥವಾ ಕಪ್ಪಾಗಿ ಲೋಳೆಯಾಗಿರುತ್ತದೆ. ಹಿಡಿದೆಳೆದರೆ ಮೇಲಿನ ಸಿಪ್ಪೆಯು ಜಾರಿ ಬಂದು ಒಳಗೆ ದಾರದಂತಹ ಎಳೆ ಮಾತ್ರ ಉಳಿಯುತ್ತದೆ. ದುರ್ವಾಸನೆಯೂ ಇರಬಹುದು. ಬುಡದ ಕಾಂಡವನ್ನೂ ಒತ್ತಿ ನೋಡಬೇಕು. ಹಳೆಯ ಗಿಡದ ಬುಡವು ಕಂದಾಗಿ ಮರದಂತೆ ಗಟ್ಟಿಯಾಗಿರುವುದು ವಯಸ್ಸಿನ ಧರ್ಮವೇ ಹೊರತು ರೋಗವಲ್ಲ. ಒತ್ತಿದರೆ ತಗ್ಗಾಗುವ, ರಸ ಜಿನುಗುವ ಬುಡವು ಮಾತ್ರ ಕೊಳೆತದ್ದು.

ಬಾಯಾರಿದ ಗಿಡಕ್ಕೆ ಚಿಕಿತ್ಸೆ ಅಲ್ಪ. ಪೂರ್ಣವಾಗಿ ಒಣಗಿದ ಎಲೆಗೊಬ್ಬರವು ನೀರನ್ನು ಬೇಗನೆ ಹೀರದೆ ಇರುವುದರಿಂದ, ಮೇಲಿನಿಂದ ಹೊಯ್ದ ನೀರು ಅಂಚಿನಲ್ಲಿಯೇ ಹರಿದುಹೋಗುತ್ತದೆ. ಕುಂಡವನ್ನು ಅರ್ಧ ಗಂಟೆಯ ಕಾಲ ನೀರಿನ ಬೋಗುಣಿಯಲ್ಲಿ ಕೂರಿಸಿ, ತೆಗೆದು, ನೀರು ಸೋರಿಹೋಗುವಂತೆ ಇಟ್ಟು, ನೆರಳಿನಲ್ಲಿ ಬಿಟ್ಟರೆ ಕೆಲವು ದಿನಗಳಲ್ಲಿ ಬಿಲ್ಲೆಗಳು ತುಂಬಿಕೊಳ್ಳುತ್ತವೆ.

ಬೇರು ಕೊಳೆತಿದ್ದ ಪಕ್ಷದಲ್ಲಿ ಹಳೆಯ ಮಣ್ಣನ್ನೆಲ್ಲಾ ತೊಳೆದು, ಕುದಿನೀರಿನಲ್ಲಿ ಅದ್ದಿದ ಚಾಕುವಿನಿಂದ ಕಪ್ಪಾದ ಬೇರುಗಳನ್ನು ಗಟ್ಟಿಯಾದ ಭಾಗವು ಸಿಕ್ಕುವವರೆಗೆ ಕತ್ತರಿಸಬೇಕು. ಅನಂತರ ಗಿಡವನ್ನು ಒಂದೆರಡು ದಿನ ನೆರಳಿನಲ್ಲಿ ಕಾಗದದ ಮೇಲೆ ಇಟ್ಟು ಗಾಯವು ಒಣಗುವಂತೆ ಮಾಡಬೇಕು. ಹೀಗೆ ಬೇರಿಲ್ಲದ ಗಿಡವನ್ನು ಗಾಳಿಗೆ ಇಡಲು ಅನೇಕರಿಗೆ ಧೈರ್ಯ ಬರುವುದಿಲ್ಲ. ಕಳ್ಳಿಯ ಜಾತಿಗೆ ಇದರಿಂದ ಬಾಧೆಯಿಲ್ಲ. ಉಳಿದ ಬೇರಿಗೆ ತಕ್ಕಷ್ಟೇ ಚಿಕ್ಕದಾದ, ತಳದಲ್ಲಿ ತೂತುಳ್ಳ ಮಣ್ಣಿನ ಕುಂಡವು ಉತ್ತಮ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಬಹುಕಾಲ ಒದ್ದೆಯಾಗಿರುತ್ತದೆ. ಚೆನ್ನಾಗಿ ಕಳಿತ ಎಲೆಗೊಬ್ಬರ ಎರಡು ಪಾಲು, ದಪ್ಪ ಮರಳು ಒಂದು ಪಾಲು, ಇದ್ದಲು ಮತ್ತು ಇಟ್ಟಿಗೆಯ ಚೂರು ಒಂದು ಪಾಲು ಬೆರೆಸಿದರೆ ಸಾಕು. ಕೆರೆಗೋಡನ್ನು ಬೆರೆಸಕೂಡದು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಕೂಡದು. ಹೊಸ ಬೇರು ಬರುವವರೆಗೆ ಗೊಬ್ಬರವನ್ನು ಹಾಕದೆ, ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆ ಮಾತ್ರ ಸ್ವಲ್ಪ ನೀರು ಕೊಡಬೇಕು. ಅಂಗಡಿಯ ಔಷಧಿಯು ಸತ್ತ ಬೇರನ್ನು ಬದುಕಿಸಲಾರದು.

ಬುಡವೇ ಕೊಳೆತಿದ್ದರೆ ತಾಯಿಗಿಡದ ಆಸೆಯನ್ನು ಬಿಡತಕ್ಕದ್ದು. ಆದರೆ ಅದರ ಸಂತತಿಯನ್ನು ಉಳಿಸಬಹುದು. ಮೇಲಿನ ಗಟ್ಟಿಯಾದ ಕೊಂಬೆಗಳಿಂದ ಎರಡು ಮೂರು ಬಿಲ್ಲೆಗಳುಳ್ಳ ತುಂಡನ್ನು ಗಂಟಿನಲ್ಲಿ ತಿರುಚಿ ಮುರಿದು, ಮುರಿದ ಭಾಗದಲ್ಲಿ ಕಂದು ಕಲೆಯಿಲ್ಲವೆಂದು ನೋಡಿಕೊಂಡು, ಎರಡು ದಿನ ಒಣಗಿಸಿ, ಕೆಳಗಿನ ಬಿಲ್ಲೆಯ ಅರ್ಧದಷ್ಟು ತೇವವುಳ್ಳ ಮರಳುಮಿಶ್ರಣದಲ್ಲಿ ಊರಬೇಕು. ಸಾಧಾರಣವಾಗಿ ಮೂರರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಒಂದು ಕುಂಡದಲ್ಲಿ ನಾಲ್ಕೈದು ತುಂಡುಗಳನ್ನು ನೆಟ್ಟರೆ ಗಿಡವು ಪೊದೆಯಾಗಿ ಕಾಣುವುದು.

ಬೇರು ಚೆನ್ನಾಗಿದ್ದೂ ಬಿಲ್ಲೆಗಳು ಕೆಂಪಡರಿದರೆ ಹೆಚ್ಚಾಗಿ ಬಿಸಿಲಿನ ದೋಷವೇ. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದಿಕ್ಕಿನ ಜಗಲಿಗೆ ಸರಿಸಬೇಕು. ಗಂಟುಗಳಲ್ಲಿ ಹತ್ತಿಯಂತಹ ಬಿಳಿಯ ವಸ್ತು ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದರೆ ಒಂದು ಕುಂಡದ ಮಟ್ಟಿಗೆ ಬೇರೆ ಔಷಧ ಬೇಡ.

ಇನ್ನು ಗಿಡವು ಪುಷ್ಟವಾಗಿದ್ದೂ ಹೂ ಬಿಡುವುದಿಲ್ಲವೆಂಬ ದೂರು ಉಂಟು. ರಾತ್ರಿಯು ದೀರ್ಘವಾದಾಗ ಮಾತ್ರ ಮೊಗ್ಗು ಕಟ್ಟುವ ಸ್ವಭಾವ ಇದರದು. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ತವರಿನಲ್ಲಿ ಮೇ ತಿಂಗಳಿಗೆ ರಾತ್ರಿಯು ದೀರ್ಘವಾಗುವುದರಿಂದ ಬ್ರೆಜಿಲಿನವರು ಇದನ್ನು ಮೇ ತಿಂಗಳ ಹೂವೆಂದೇ ಕರೆಯುತ್ತಾರೆ. ಬೆಂಗಳೂರಿನ ಕಡೆ ಡಿಸೆಂಬರಿನಲ್ಲಿ ರಾತ್ರಿಯು ಸುಮಾರು 12½ ಗಂಟೆಗಳಷ್ಟಾಗುವುದು. ಆದರೆ ಜಗಲಿಯ ವಿದ್ಯುದ್ದೀಪವು ರಾತ್ರಿ ಹತ್ತರವರೆಗೆ ಉರಿದರೆ ಗಿಡಕ್ಕೆ ಇನ್ನೂ ಹಗಲೇ. ಅಕ್ಟೋಬರ್ ತಿಂಗಳಿನಿಂದ ಆರು ವಾರಗಳ ಕಾಲ ಸಂಜೆ 5 ಗಂಟೆಯಿಂದ ಬೆಳಿಗ್ಗೆ 7 ಗಂಟೆಯವರೆಗೆ ದೀಪವಿಲ್ಲದ ಕೋಣೆಯಲ್ಲಿ ಇಟ್ಟು, ಹಗಲಿನಲ್ಲಿ ಬೆಳಕಿಗೆ ತಂದರೆ ಮೊಗ್ಗು ಕಾಣಿಸಿಕೊಳ್ಳುತ್ತದೆ. ಕರಾವಳಿಯ ಸೆಕೆಯ ರಾತ್ರಿಗಳಲ್ಲಿ ಈ ಉಪಾಯವೂ ಪೂರ್ಣವಾಗಿ ಫಲಿಸದೆ ಇರಬಹುದು. ಮೊಗ್ಗು ಕಂಡ ಬಳಿಕ ಕುಂಡವನ್ನು ಕಂಡವರಿಗೆ ತೋರಿಸಲು ಅತ್ತಿತ್ತ ಒಯ್ಯಕೂಡದು. ಬೆಳಕು ಬದಲಾದರೆ, ಮಣ್ಣು ಒಣಗಿದರೆ ಮೊಗ್ಗುಗಳು ಉದುರಿಹೋಗುತ್ತವೆ.

ಕೊಳೆತ ಗಿಡದಿಂದ ತೊಳೆದ ಮಣ್ಣನ್ನೂ ಬೇರಿನ ತುಂಡುಗಳನ್ನೂ ಮೆಣಸಿನ ಬುಡಕ್ಕಾಗಲಿ, ಶುಂಠಿಯ ಮಡಿಗಾಗಲಿ, ಎಲೆಬಳ್ಳಿಯ ತೋಟಕ್ಕಾಗಲಿ ಸುರಿಯಕೂಡದು. ಅವುಗಳನ್ನು ದೂರದಲ್ಲಿ ಗುಂಡಿ ತೋಡಿ ಹೂಳಿ, ಹಳೆಯ ಕುಂಡವನ್ನು ಕುದಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಪುನಃ ಉಪಯೋಗಿಸಬೇಕು.