ಅಂಕ ನೋಡಿ ಮರುಳಾಗಬೇಡ

ಎಂ.ಎಸ್ಸಿ. ಮುಗಿಯಿತು, ಇನ್ನು ಮಷೀನ್ ಲರ್ನಿಂಗ್ ಕಲಿತು ಸಂಶೋಧನೆಗೆ ಹೋಗುತ್ತೀಯಂತೆ. ಸಂತೋಷ ಕಣಮ್ಮ. ಆದರೆ ‘ಕೆಮಿಸ್ಟ್ರಿ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿಬಿಡಲಾ ಚಿಕ್ಕಪ್ಪ’ ಅಂದೆಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ.

ಜಾನ್ ಜಂಪರ್ ಹೆಸರು ಕೇಳಿರುತ್ತೀಯ. 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡಾಗ ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಓದಿದ್ದು ಭೌತಶಾಸ್ತ್ರ, ಗಣಿತ. 2008ರಲ್ಲಿ ಸೇರಿದ ಕಂಪನಿಯಲ್ಲಿ ಸೂಪರ್‌ಕಂಪ್ಯೂಟರ್ ಇಟ್ಟುಕೊಂಡು ಪ್ರೋಟೀನುಗಳ ಚಲನೆಯನ್ನು ಲೆಕ್ಕ ಹಾಕುತ್ತಿದ್ದ. ಮುಂದೆ ಶಿಕಾಗೋದಲ್ಲಿ ಪಿಎಚ್.ಡಿ.ಗೆ ಸೇರಿದಾಗ ಅಷ್ಟು ದೊಡ್ಡ ಯಂತ್ರ ಎಲ್ಲಿಂದ ಬರಬೇಕು? ಇದ್ದುದರಲ್ಲೇ ನಡೆಸಲು ಸರಳವಾದ, ಜಾಣತನದ ವಿಧಾನಗಳನ್ನು ಹುಡುಕಿಕೊಂಡ. ನಮ್ಮ ಕಾಲೇಜುಗಳ ಲ್ಯಾಬ್ ಕಂಡು ಮುಖ ಸಪ್ಪೆ ಮಾಡುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. 2017ರಲ್ಲಿ ಕೃತಕ ಬುದ್ಧಿಮತ್ತೆಯ ಕಂಪನಿ ಡೀಪ್‌ಮೈಂಡ್ ಸೇರಿದ. ಪ್ರೋಟೀನಿನ ರಚನೆಯನ್ನು ಊಹಿಸುವ ಅಲ್ಲಿಯ ಮಾಡೆಲ್ ಆಲ್ಫಾಫೋಲ್ಡ್‌ನ ಮೊದಲ ಆವೃತ್ತಿ 2018ರ ಸ್ಪರ್ಧೆಯಲ್ಲಿ ಗೆದ್ದರೂ ಬೇಕಾದಷ್ಟು ನಿಖರವಾಗಿರಲಿಲ್ಲ. ಅದನ್ನು ಹೊಸದಾಗಿ ಕಟ್ಟುವಾಗ ಕೈಹಿಡಿದದ್ದು ಕೋಡಿಂಗ್ ಮಾತ್ರವಲ್ಲ, ಪ್ರೋಟೀನುಗಳೊಡನೆ ವರ್ಷಗಟ್ಟಲೆ ಒಡನಾಡಿದ ಅನುಭವ.

ಆಲ್ಫಾಫೋಲ್ಡ್ ಗೆದ್ದದ್ದು ಎಂಥ ಪರೀಕ್ಷೆಯಲ್ಲಿ ಅನ್ನುವುದನ್ನೂ ನೋಡು. 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಕ್ಯಾಸ್ಪ್ ಸ್ಪರ್ಧೆಯಲ್ಲಿ ಪ್ರೋಟೀನಿನ ಅಮೈನೋ ಆಮ್ಲಗಳ ಸರಣಿಯನ್ನಷ್ಟೇ ಕೊಡುತ್ತಾರೆ, ರಚನೆಯನ್ನು ಊಹಿಸಬೇಕು. ಪ್ರಯೋಗದಿಂದ ತಿಳಿದ ರಚನೆ ಗುಟ್ಟಾಗಿರುತ್ತದೆ. ಅದಕ್ಕೇ 2020ರಲ್ಲಿ ಹೊಸ ಆಲ್ಫಾಫೋಲ್ಡ್ ಗೆದ್ದ ಫಲಿತಾಂಶವನ್ನು ಯಾರೂ ತಳ್ಳಿಹಾಕಲಾಗಲಿಲ್ಲ.

ಆದರೆ ನಮ್ಮ ಕೆಮಿಸ್ಟ್ರಿಯ ಅಣುಗಳ ಲೆಕ್ಕದಲ್ಲಿ ಮೋಸ ಸುಲಭ. ದತ್ತಾಂಶವನ್ನು ಸುಮ್ಮನೆ ಕಲಸಿ ಕಲಿಕೆಗೊಂದು, ಪರೀಕ್ಷೆಗೊಂದು (ಟೆಸ್ಟ್ ಸೆಟ್) ಎಂದು ಎರಡು ಪಾಲು ಮಾಡಿದರೆ, ಒಂದು ಮೀಥೈಲ್ ಗುಂಪಷ್ಟೇ ವ್ಯತ್ಯಾಸವಿರುವ ಅಣುಗಳು ಎರಡೂ ಕಡೆ ಸೇರುತ್ತವೆ. ಪ್ರಶ್ನೆಪತ್ರಿಕೆ ಮೊದಲೇ ಸೋರಿದ ಪರೀಕ್ಷೆಯ ಹಾಗೆ, ಅಂಕ ಬೀಳುತ್ತದೆ, ವಿದ್ಯೆ ಇರುವುದಿಲ್ಲ. ಇನ್ನೊಂದು: ಹಲವರು ಮಾಡೆಲ್‌ಗೆ ಉಣಿಸುವುದು ಪ್ರಯೋಗದ ಅಳತೆಯನ್ನಲ್ಲ, ಡಿಎಫ್‌ಟಿ ಎಂಬ ಕ್ವಾಂಟಮ್ ಲೆಕ್ಕವನ್ನು. ಅದರಲ್ಲಿ ತಿದ್ದುಪಡಿ ಸೇರಿಸದ ಬಿ3ಎಲ್‌ವೈಪಿ ಎಂಬ ವಿಧಾನಕ್ಕೆ ವಾನ್ ಡರ್ ವಾಲ್ಸ್ ಆಕರ್ಷಣೆ ಸರಿಯಾಗಿ ಕಾಣದು. ಅದರಿಂದ ಕಲಿತ ಮಾಡೆಲ್‌ಗೂ ಕಾಣದು. ತಪ್ಪೇನೆಂದು ಪೈಥಾನ್ ಹೇಳುವುದಿಲ್ಲ, ಅಟ್ಟಕ್ಕೆ ಹಾಕಲು ಹೊರಟಿದ್ದೀಯಲ್ಲ, ಆ ಪುಸ್ತಕಗಳು ಹೇಳುತ್ತವೆ.

ಈ ರಜೆಯಲ್ಲಿ ಒಂದು ಕೆಲಸ ಮಾಡು. ಆಲ್ಫಾಫೋಲ್ಡ್ ಊಹಿಸಿದ ಯಾವುದಾದರೂ ರಚನೆ ತೆಗೆದುಕೊಂಡು ಅದರ ರಾಮಚಂದ್ರನ್ ನಕ್ಷೆ ಬಿಡಿಸು. ಮದರಾಸಿನಲ್ಲಿದ್ದಾಗ, 1963ರಲ್ಲಿ, ಜಿ.ಎನ್. ರಾಮಚಂದ್ರನ್ ಸಂಗಡಿಗರೊಡನೆ ಪ್ರಕಟಿಸಿದ್ದು ಅದು. ಆಮೇಲೆ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೇ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೇ, ಬಂದರು. ಪ್ರೋಟೀನ್ ಸರಪಳಿಯಲ್ಲಿ ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಅನ್ನುವುದು ಆ ನಕ್ಷೆಯಲ್ಲಿ ಕಣ್ಣಿಗೇ ಕಾಣುತ್ತದೆ. ಮಾಡೆಲ್‌ಗೆ ತನ್ನ ಮೇಲೆ ಭರವಸೆ ಕಡಿಮೆಯಿರುವ ಭಾಗಗಳಲ್ಲಿ ಚುಕ್ಕೆಗಳು ಎಲ್ಲಿ ಬೀಳುತ್ತವೆ, ಗಮನಿಸು.

ಆಮೇಲೆ ಗೈಡ್ ಹುಡುಕು. ಮೊದಲ ಭೇಟಿಯಲ್ಲೇ ‘ಟೆಸ್ಟ್ ಸೆಟ್ ಹೇಗೆ ಬೇರ್ಪಡಿಸುತ್ತೀರಿ ಸರ್’ ಎಂದು ವಿನಯದಿಂದಲೇ ಕೇಳು. ಖುಷಿಯಿಂದ ಅರ್ಧ ಗಂಟೆ ಮಾತಾಡಿದರೆ ಸೇರಿಕೋ. ‘ಅದೆಲ್ಲ ಆಮೇಲೆ’ ಅಂದರೆ ಚಹಾ ಕುಡಿದು ಎದ್ದು ಬಾ.