ಸನ್ನಡತೆಯ ಬಿಡುಗಡೆ: ಕೈದಿಯ ಮನೆಯವರಿಗೆ ಹಂತ ಹಂತದ ಮಾಹಿತಿ

ಸ್ವಾತಂತ್ರ್ಯ ದಿನಾಚರಣೆ, ಗಣರಾಜ್ಯೋತ್ಸವ ಹತ್ತಿರವಾದಂತೆ ‘ಸನ್ನಡತೆ ಕೈದಿಗಳ ಬಿಡುಗಡೆ’ ಎಂಬ ಸುದ್ದಿ ಬರುತ್ತದೆ. ಪಟ್ಟಿಯಲ್ಲಿ ತಮ್ಮವರ ಹೆಸರಿದೆಯೇ ಎಂದು ಎಷ್ಟೋ ಮನೆಗಳಲ್ಲಿ ಕಾಯುತ್ತಾರೆ. ಆದರೆ ಆ ಪಟ್ಟಿ ಹೇಗೆ ತಯಾರಾಗುತ್ತದೆ, ಹೊರಬಂದ ಮೇಲೆ ಏನೇನು ಪಾಲಿಸಬೇಕು ಎಂಬುದನ್ನು ಅವರಿಗೆ ಹೇಳುವವರು ಕಡಿಮೆ. ತಿಳಿಯದೇ ಇರುವುದರಿಂದಲೇ ಕೆಲವರು ವರ್ಷಗಟ್ಟಲೆ ಹೆಚ್ಚು ಒಳಗಿರುತ್ತಾರೆ. ಹಾಗಾಗಬಾರದು.

ಹಂತ 1: ಅರ್ಹತೆ ತಿಳಿಯಿರಿ

‘ಜೀವಾವಧಿ ಎಂದರೆ 14 ವರ್ಷ’ ಎಂಬ ಮಾತು ತಪ್ಪು. ಜೀವಾವಧಿ ಎಂದರೆ ಜೀವ ಇರುವವರೆಗೆ. ಉಳಿದ ಶಿಕ್ಷೆಯನ್ನು ಮಾಫಿ ಮಾಡುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473ನೇ ಕಲಮಿನಡಿ ಸರ್ಕಾರಕ್ಕಿದೆ. ಕೊಲೆಯಂತೆ ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಆಗಿದ್ದರೆ, 475ನೇ ಕಲಮಿನಂತೆ ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆದಿರಲೇಬೇಕು. ‘ಇಷ್ಟು ವರ್ಷ ಮಾಫಿ ಇಲ್ಲ’ ಎಂದು ತೀರ್ಪಿನಲ್ಲೇ ಬರೆದಿದ್ದರೆ ಅಷ್ಟು ಕಾಲ ಕಾಯಬೇಕು. ಹಾಗಾಗಿ ಮೊದಲು ತೀರ್ಪಿನ ಪ್ರತಿ ಓದಿಸಿ.

ಹಂತ 2: ದಿನಗಳನ್ನು ಲೆಕ್ಕ ಹಾಕಿ

ಜೈಲಿನ ‘ನಾಮಿನಲ್ ರೋಲ್’ನಲ್ಲಿ ವಿಚಾರಣಾಧೀನ ಅವಧಿ, ಶಿಕ್ಷೆಯ ಅವಧಿ, ಪೆರೋಲ್, ಗಳಿಸಿದ ಮಾಫಿ ಎಲ್ಲವೂ ದಾಖಲಾಗಿರುತ್ತವೆ. ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳು 14 ವರ್ಷದ ಲೆಕ್ಕಕ್ಕೆ ಸೇರುತ್ತವೆ. ಪೆರೋಲ್ ಮೇಲೆ ಹೊರಗಿದ್ದ ದಿನಗಳು ಸೇರುವುದಿಲ್ಲ. ಸನ್ನಡತೆಗೆ ಗಳಿಸಿದ ಮಾಫಿಯಿಂದಲೂ ಈ 14 ವರ್ಷ ಕಡಿಮೆಯಾಗದು.

ಉದಾಹರಣೆಗೆ, 2011ರ ಮಾರ್ಚ್ 1ರಂದು ಬಂಧನವಾಗಿ, ಜಾಮೀನು ಸಿಗದೇ ಒಳಗೇ ಇದ್ದವರಿಗೆ 2025ರ ಫೆಬ್ರುವರಿ ಕೊನೆಗೆ 14 ವರ್ಷ ತುಂಬುತ್ತದೆ. ನಡುವೆ ಒಟ್ಟು 90 ದಿನ ಪೆರೋಲ್ ಪಡೆದಿದ್ದರೆ ಅದು ಮೇ ಕೊನೆಗೆ ಹೋಗುತ್ತದೆ.

ಹಂತ 3: ಕಡತ ಎಲ್ಲಿದೆ ಎಂದು ಕೇಳಿ

ಹಿಂದೆ ಅರ್ಜಿ ಹಾಕಿದವರದ್ದೇ ಕಡತ ಮುಂದಕ್ಕೆ ಹೋಗುತ್ತಿದ್ದದ್ದು ಹೆಚ್ಚು. 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟ್ ಇದನ್ನು ಬದಲಿಸಿತು. ಮಾಫಿ ನೀತಿ ಇರುವ ರಾಜ್ಯದಲ್ಲಿ ಅರ್ಹನಾದ ಪ್ರತಿಯೊಬ್ಬ ಕೈದಿಯ ಪ್ರಕರಣವನ್ನೂ, ಅರ್ಜಿ ಇಲ್ಲದಿದ್ದರೂ, ಸರ್ಕಾರವೇ ಪರಿಗಣಿಸಬೇಕು ಎಂದಿತು. ಓದುಬರಹ ತಿಳಿಯದ, ವಕೀಲರಿಲ್ಲದ ಬಡವರಿಗೆ ಇದು ದೊಡ್ಡ ಆಸರೆ. ಆದರೂ ಅರ್ಹತೆಯ ದಿನ ದಾಟಿದ್ದರೆ ಸುಮ್ಮನಿರಬೇಡಿ. ಕೈದಿಯ ಸಹಿಯ ಮನವಿಯನ್ನು ಜೈಲು ಸೂಪರಿಂಟೆಂಡೆಂಟ್ ಮೂಲಕವೇ ಕೊಡಿಸಿ, ಸ್ವೀಕೃತಿ ಪಡೆಯಿರಿ.

ಹಂತ 4: ಊರಿನ ವಿಚಾರಣೆಗೆ ಸಿದ್ಧರಾಗಿ

ಜೈಲಿನ ವರದಿಯ ಜೊತೆಗೆ ಪೊಲೀಸರ ಅಭಿಪ್ರಾಯವನ್ನೂ ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯವನ್ನೂ ತರಿಸಿಕೊಳ್ಳುತ್ತಾರೆ. ನ್ಯಾಯಾಧೀಶರ ಅಭಿಪ್ರಾಯಕ್ಕೆ ಕಾರಣಗಳು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಮತ್ತೆ ತಪ್ಪು ಮಾಡುವ ಸಂಭವ ಇದೆಯೇ, ಇನ್ನೂ ಒಳಗಿಡುವುದರಿಂದ ಪ್ರಯೋಜನವಿದೆಯೇ, ಕುಟುಂಬದ ಸ್ಥಿತಿ ಹೇಗಿದೆ ಎಂಬುದನ್ನೆಲ್ಲ ನೋಡುತ್ತಾರೆ. ಹೊರಬಂದವರು ಯಾರ ಮನೆಯಲ್ಲಿರುತ್ತಾರೆ, ಏನು ಕೆಲಸ ಮಾಡುತ್ತಾರೆ ಎಂಬುದಕ್ಕೆ ಸ್ಪಷ್ಟ ಉತ್ತರ ನಿಮ್ಮ ಬಳಿ ಇರಲಿ.

ಹಂತ 5: ಷರತ್ತುಗಳನ್ನು ಸಾಲು ಸಾಲಾಗಿ ಓದಿ

ಆದೇಶದಲ್ಲಿ ಷರತ್ತುಗಳಿರುತ್ತವೆ. ಷರತ್ತು ಮುರಿದರೆ ಬಿಡುಗಡೆಯನ್ನು ರದ್ದು ಮಾಡಿ, ವಾರಂಟ್ ಇಲ್ಲದೆ ಬಂಧಿಸಿ, ಉಳಿದ ಶಿಕ್ಷೆ ಅನುಭವಿಸಲು ಕಳುಹಿಸಬಹುದು. ಅದಕ್ಕಾಗಿ ಮುಚ್ಚಳಿಕೆಗೆ ಸಹಿ ಹಾಕುವ ಮೊದಲೇ ಎಲ್ಲವನ್ನೂ ಓದಿಸಿ ಅರ್ಥ ಮಾಡಿಕೊಳ್ಳಿ.

ಗುಜರಾತಿನ ಒಬ್ಬ ಕೈದಿಗೆ ‘ಎರಡು ವರ್ಷ ಸಭ್ಯವಾಗಿ ವರ್ತಿಸಬೇಕು’ ಎಂಬ ಷರತ್ತು ಹಾಕಿದ್ದರು. ಸಭ್ಯ ವರ್ತನೆ ಎಂದರೆ ಏನು ಎಂದು ಯಾವ ಕಾನೂನೂ ಹೇಳಿಲ್ಲ, ಅದು ಅಧಿಕಾರಿಯ ಮರ್ಜಿಗೆ ಬಿಟ್ಟಂತಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಅದನ್ನು ತೆಗೆದುಹಾಕಿತು. ಷರತ್ತು ಸ್ಪಷ್ಟವಾಗಿರಬೇಕು, ಪಾಲಿಸಲು ಸಾಧ್ಯವಾಗುವಂತಿರಬೇಕು.

ಹಂತ 6: ತಿರಸ್ಕಾರವಾದರೆ, ನೋಟಿಸ್ ಬಂದರೆ

ತಿರಸ್ಕರಿಸಿದರೆ ಕಾರಣ ಬರೆದು ಕೈದಿಗೆ ತಿಳಿಸಬೇಕು. ಆದೇಶವನ್ನು ಪ್ರಶ್ನಿಸುವ ಹಕ್ಕಿದೆ ಎಂಬುದನ್ನೂ ಜೈಲಿನವರೇ ಹೇಳಬೇಕು. ಬಿಡುಗಡೆ ರದ್ದು ಮಾಡುವ ಮೊದಲು ನೋಟಿಸ್ ಕೊಟ್ಟು, ಉತ್ತರ ಕೇಳಬೇಕು. ಹೊಸದೊಂದು ಕೇಸು ದಾಖಲಾದ ಮಾತ್ರಕ್ಕೆ ರದ್ದು ಮಾಡುವಂತಿಲ್ಲ. ನೋಟಿಸ್ ಬಂದ ದಿನವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಬಿಡುಗಡೆ ಆದೇಶಕ್ಕೆ ನಾಲ್ಕು ಜೆರಾಕ್ಸ್ ತೆಗೆಸಿಡಿ. ಠಾಣೆಗೆ ಹಾಜರಾಗಬೇಕೆಂಬ ಷರತ್ತಿದ್ದರೆ ಆ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಾಜರಾದ ದಿನವನ್ನು ಬರೆದಿಡಿ.

ಊರಿನವರಿಗೂ ಒಂದು ಮಾತು. ಠಾಣೆಯ ಪುಸ್ತಕ ಬಿಡುಗಡೆಯಾಗಿ ಬಂದವರಿಂದ ಸಹಿ ಹಾಕಿಸಿಕೊಳ್ಳಬಹುದು, ಕೂಲಿ ಕೊಡಲಾರದು. ಜೈಲಿನಲ್ಲಿ ನೇಯ್ಗೆ, ಮರಗೆಲಸ ಕಲಿತು ಬಂದವರು ನಿಮ್ಮ ಬಾಗಿಲಿಗೆ ಕೆಲಸ ಕೇಳಿಕೊಂಡು ಬಂದರೆ, ಹಿಂದಿನದನ್ನು ಕೇಳುವ ಮೊದಲು ಕೈಗೆ ಉಪಕರಣ ಕೊಟ್ಟು ನೋಡಿ.