ಹಳೆ ಕಾರಿನ ಪೆಟ್ರೋಲ್ ಪಂಪ್: ದುಡ್ಡು ಕೊಡುವ ಮೊದಲು ತಿಳಿಯೋಣ



ಹಸುವಿಗೆ ಸಾಲ ಕೇಳಿದರೆ ನಮ್ಮ ಸಭೆಯಲ್ಲಿ ಹತ್ತು ಪ್ರಶ್ನೆ ಏಳುತ್ತವೆ. ಎಷ್ಟನೇ ಸೂಲು, ಎಷ್ಟು ಹಾಲು, ಯಾರ ಹತ್ತಿರ ಕೊಳ್ಳುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಅದೇ ಒಬ್ಬ ಸದಸ್ಯೆ ಎದ್ದು, "ಮನೆಯ ಹಳೆ ಕಾರಿನ ಪಂಪ್ ಹೋಗಿದೆಯಂತೆ, ರಿಪೇರಿಗೆ 8,000 ರೂಪಾಯಿ ಬೇಕು" ಅಂದರೆ ಸಭೆ ಸುಮ್ಮನಾಗಿಬಿಡುತ್ತದೆ. ಅದು ಗಂಡಸರ ವಿಷಯ, ಮೆಕ್ಯಾನಿಕ್ ಹೇಳಿದ ಮೇಲೆ ಮುಗಿಯಿತು ಎಂದು ಪುಸ್ತಕಕ್ಕೆ ಸಹಿ ಹಾಕುತ್ತೇವೆ. ತಿಂಗಳು ತಿಂಗಳು ಕಂತು ಕಟ್ಟುವವಳು ಮಾತ್ರ ಆ ಸದಸ್ಯೆಯೇ.

ಪ್ರೀಮಿಯರ್ ಪದ್ಮಿನಿ ಕಾರಿನ ತಯಾರಿ 2000ದ ಸುಮಾರಿಗೆ ನಿಂತಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಆದರೂ ಇವು ಮತ್ತು ಹಳೆ ಪೆಟ್ರೋಲ್ ಜೀಪುಗಳು ಅಲ್ಲಲ್ಲಿ ಇನ್ನೂ ಓಡುತ್ತಿವೆ. ಕಂಪೆನಿಯ ಬಿಡಿಭಾಗ ಸಿಗದ ಕಾರಣ ಸಿಕ್ಕಿದ್ದನ್ನು ಹಾಕಿ ಓಡಿಸುವುದು ರೂಢಿಯಾಗಿದೆ. ಉಳಿದ ಭಾಗಗಳಲ್ಲಿ ಹೀಗೆ ಮಾಡಿದರೆ ದುಡ್ಡು ಹೋಗಬಹುದು. ಪೆಟ್ರೋಲ್ ಪಂಪಿನಲ್ಲಿ ಮಾಡಿದರೆ ಗಾಡಿಯೇ ಸುಟ್ಟುಹೋಗಬಹುದು. ಅದಕ್ಕೇ ಈ ಪಾಠ.

ಈ ಪಾಠದ ಉದ್ದೇಶ: (1) ಪಂಪ್ ನಿಜವಾಗಿ ಕೆಟ್ಟಿದೆಯೇ ಎಂದು ಕೇಳಿ ತಿಳಿಯುವುದು. (2) ಹಳೆ ಗಾಡಿಗೆ ಹೊಂದುವ ಪಂಪನ್ನು ಆರಿಸುವುದು. (3) ಅದನ್ನು ಜೋಪಾನ ಮಾಡುವುದು. ಇಲ್ಲಿ ಹೇಳಿದ್ದು ಹಳೆ ಪೆಟ್ರೋಲ್ ಗಾಡಿಗಳಿಗೆ ಮಾತ್ರ, ಡೀಸೆಲ್ ಗಾಡಿಗೆ ಅಲ್ಲ.

1. ಈ ಪಂಪ್ ಮಾಡುವ ಕೆಲಸ ಏನು?

ನಾವು ಪೆಟ್ರೋಲ್ ಹಾಕಿಸುವ ಜಾಗಕ್ಕೆ ಬಂಕ್ ಅನ್ನುತ್ತೇವೆ. ಇಲ್ಲಿ ಹೇಳುತ್ತಿರುವುದು ಗಾಡಿಯ ಒಳಗಿರುವ ಪಂಪು. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಎಂಜಿನ್ ಹತ್ತಿರದ ಕಾರ್ಬೊರೇಟರಿಗೆ ಕೊಡುವುದು ಇದರ ಕೆಲಸ.

ಎಲ್ಲಕ್ಕಿಂತ ಹಳೆಯ ಕಾಲದ ಕೆಲವು ಕಾರುಗಳಿಗೆ ಪಂಪೇ ಇರಲಿಲ್ಲ. 1908ರಿಂದ 1927ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ 'ಮಾಡೆಲ್ ಟಿ' ಕಾರಿನಲ್ಲಿ ಟ್ಯಾಂಕು ಎತ್ತರದಲ್ಲಿತ್ತು, ಪೆಟ್ರೋಲ್ ತಾನಾಗಿ ಕೆಳಗೆ ಹರಿದು ಬರುತ್ತಿತ್ತು. ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರು ಬಂದರೆ ಹರಿಯುವುದು ನಿಂತುಹೋಗುತ್ತಿತ್ತು. ಆಗ ಗಾಡಿಯನ್ನು ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು! ಆಮೇಲೆ ಟ್ಯಾಂಕು ಹಿಂದೆ, ಕೆಳಗೆ ಹೋಯಿತು. ಪಂಪು ಬೇಕೇಬೇಕಾಯಿತು.

ಹಳೆ ಗಾಡಿಗಳಲ್ಲಿ ಎರಡು ಬಗೆಯ ಪಂಪುಗಳಿವೆ.

• ಎಂಜಿನ್‌ನಿಂದ ಓಡುವ ಪಂಪ್: ಮೆಕ್ಯಾನಿಕ್‌ಗಳು ಇದಕ್ಕೆ 'ಎ.ಸಿ. ಪಂಪ್' ಅನ್ನುತ್ತಾರೆ. ತಂಪು ಗಾಳಿಯ ಎ.ಸಿ.ಗೂ ಇದಕ್ಕೂ ಸಂಬಂಧ ಇಲ್ಲ, ಅದು ತಯಾರಿಸಿದ ಹಳೆ ಕಂಪೆನಿಯ ಹೆಸರು. ಎಂಜಿನ್ ತಿರುಗಿದಾಗ ಒಂದು ಲಿವರ್ ಮೇಲೆ ಕೆಳಗೆ ಆಡುತ್ತದೆ. ಅದು ಡಯಾಫ್ರಮ್ ಎಂಬ ರಬ್ಬರು ಹಾಳೆಯನ್ನು ಕಮ್ಮಾರನ ತಿದಿಯ ಹಾಗೆ ಎಳೆದು ಬಿಡುತ್ತದೆ. ಒಳಗೆ ಬರಲು ಒಂದು ವಾಲ್ವ್, ಹೊರಗೆ ಹೋಗಲು ಒಂದು ವಾಲ್ವ್. ಇಷ್ಟೇ.

• ಕರೆಂಟಿನಿಂದ ಓಡುವ ಪಂಪ್: ಮೋರಿಸ್ ಮೈನರ್‌ನಂಥ ಹಳೆ ಬ್ರಿಟಿಷ್ ಕಾರುಗಳಲ್ಲಿ 'ಎಸ್.ಯು.' ಪಂಪ್ ಇರುತ್ತದೆ. ಇದರಲ್ಲೂ ರಬ್ಬರು ಹಾಳೆ ಉಂಟು, ಅದನ್ನು ಆಡಿಸುವುದು ಬ್ಯಾಟರಿ. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಎಂದು ಸದ್ದು ಬಂದು, ಪೆಟ್ರೋಲ್ ತುಂಬಿದ ಮೇಲೆ ಸುಮ್ಮನಾಗುತ್ತದೆ.

2. ಪಂಪೇ ಹೋಗಿದೆಯೇ? ಮೊದಲು ಇವನ್ನು ನೋಡಿ

ಗಾಡಿ ನಿಂತ ಕೂಡಲೇ ಪಂಪಿನ ಮೇಲೆ ತಪ್ಪು ಹಾಕುವುದು ಸುಲಭ. ಆದರೆ ಖರ್ಚಿಲ್ಲದ ಕಾರಣಗಳೇ ಮೊದಲು ಇರುತ್ತವೆ.

• ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಹಳೆ ಗಾಡಿಯ ಮುಳ್ಳನ್ನು ನಂಬಬೇಡಿ.
• ನಾಲ್ಕಾರು ಕಿಲೋಮೀಟರ್ ಓಡಿ ನಿಲ್ಲುತ್ತದೆ, ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಎಳೆದ ಸದ್ದು ಬಂದು ಮತ್ತೆ ಓಡುತ್ತದೆ ಅಂದರೆ, ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದೆ. ಪಂಪ್ ಸರಿಯಾಗಿದೆ.
• ಫಿಲ್ಟರ್ ತುಂಬ ಕೆಂಪು ಪುಡಿ ಇದೆಯೇ? ಟ್ಯಾಂಕು ತುಕ್ಕು ಹಿಡಿದಿದೆ. ಟ್ಯಾಂಕು ತೊಳೆಯದೆ ಹೊಸ ಪಂಪ್ ಹಾಕಿದರೆ ಅದೂ ಕಟ್ಟಿಕೊಳ್ಳುತ್ತದೆ.
• ರಬ್ಬರು ಪೈಪ್ ಬಿರುಕು ಬಿಟ್ಟಿದೆಯೇ? ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಬಿರಿದರೆ ಅಲ್ಲಿ ಪೆಟ್ರೋಲ್ ಸೋರಲೇಬೇಕೆಂದಿಲ್ಲ. ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ.
• ಏಪ್ರಿಲ್–ಮೇ ಬಿಸಿಲಿನಲ್ಲಿ ಘಾಟಿ ಹತ್ತುವಾಗ ಮಾತ್ರ ನಿಲ್ಲುತ್ತದೆಯೇ? ಪೈಪಿನ ಒಳಗೆ ಪೆಟ್ರೋಲ್ ಬಿಸಿಯಾಗಿ ಆವಿಯಾಗಿರುತ್ತದೆ. ಆವಿಯನ್ನು ಪಂಪು ಎಳೆಯಲಾರದು. ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಹಳೆ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕೇ. ಹೊರಡುವ ಮೊದಲು ಬಟ್ಟೆ ತೆಗೆಯಿರಿ, ಫ್ಯಾನಿಗೆ ಸಿಕ್ಕಿಕೊಂಡೀತು.

ಇವೆಲ್ಲ ಸರಿ ಇದ್ದರೆ ಪಂಪನ್ನು ಪರೀಕ್ಷಿಸಬೇಕು. ಎಂಜಿನ್ ತಣಿದ ಮೇಲೆ, ಕಿಡಿ ಬಾರದ ಹಾಗೆ ಕಾಯಿಲ್ ವಯರ್ ತೆಗೆದು, ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಡಬ್ಬಿಯೊಳಗೆ ಹಿಡಿದು ಎಂಜಿನ್ ತಿರುಗಿಸುತ್ತಾರೆ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬಂದರೆ ಪಂಪ್ ಕೆಲಸ ಮಾಡುತ್ತಿದೆ. ಇದನ್ನು ಮೆಕ್ಯಾನಿಕ್ಕೇ ಮಾಡಲಿ. ನೀವು ಇಷ್ಟೇ ಹೇಳಿ: "ಅಣ್ಣಾ, ನನ್ನ ಕಣ್ಣೆದುರು ಒಂದ್ಸಲ ತೋರಿಸಿ." ಕೆಲಸ ಗೊತ್ತಿದ್ದವರು ಇದಕ್ಕೆ ಬೇಸರ ಮಾಡುವುದಿಲ್ಲ.

ಕರೆಂಟ್ ಪಂಪಿನಲ್ಲಿ ಸದ್ದೇ ಗುರುತು. ಟಿಕ್ ಸದ್ದೇ ಇಲ್ಲದಿದ್ದರೆ ಕರೆಂಟ್ ಬರುತ್ತಿಲ್ಲ ಅಥವಾ ಒಳಗಿನ ಪಾಯಿಂಟು ಸುಟ್ಟಿದೆ. ಬಿಡದೆ ಜೋರಾಗಿ ಬಡಿಯುತ್ತಿದ್ದರೆ ಪೆಟ್ರೋಲ್ ಇಲ್ಲ ಅಥವಾ ಗಾಳಿ ಎಳೆಯುತ್ತಿದೆ.

ತಡಮಾಡದೆ ಗಾಡಿ ನಿಲ್ಲಿಸಬೇಕಾದ ಗುರುತು ಒಂದಿದೆ. ಎ.ಸಿ. ಪಂಪಿನ ರಬ್ಬರು ಹಾಳೆ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಬಹುದು. ಆಯಿಲ್ ನೋಡುವ ಕಡ್ಡಿ ಎಳೆದು ನೋಡಿ. ಆಯಿಲ್ ಹಾಕದೆಯೇ ಮಟ್ಟ ಏರಿದೆ, ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ ಅಂದರೆ ಗಾಡಿ ಓಡಿಸಬೇಡಿ. ತೆಳುವಾದ ಆಯಿಲ್ ಎಂಜಿನ್ನಿನ ಬೇರಿಂಗುಗಳನ್ನು ತಿಂದುಹಾಕುತ್ತದೆ. ಪಂಪಿನ ಜೊತೆಗೆ ಆಯಿಲನ್ನೂ ಬದಲಾಯಿಸಬೇಕು.

3. ಯಾವ ಪಂಪ್ ಹಾಕಿಸಬೇಕು?

ಮೊದಲ ಆಯ್ಕೆ – ಇದ್ದದ್ದನ್ನೇ ರಿಪೇರಿ. ಪಂಪಿನ ಲೋಹದ ಭಾಗ ಬೇಗ ಹಾಳಾಗುವುದಿಲ್ಲ. ಹಾಳಾಗುವುದು ರಬ್ಬರು ಹಾಳೆ, ವಾಲ್ವ್, ಗ್ಯಾಸ್ಕೆಟ್. ಇವು 'ಕಿಟ್' ಆಗಿ ಸಿಗುತ್ತವೆ. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಕುಕ್ಕರನ್ನೇ ಎಸೆಯುತ್ತೇವೆಯೇ? ಮುಚ್ಚಳ ಬಾಗಿದ್ದರೆ, ಲಿವರ್ ಸವೆದಿದ್ದರೆ ಮಾತ್ರ ಬೇರೆ ಪಂಪ್ ಬೇಕು.

ಎರಡನೆಯದು – ಅದೇ ಬಗೆಯ ಬೇರೆ ಪಂಪ್. ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ. ಲಿವರಿನ ಉದ್ದ ಮತ್ತು ಬಾಗು, ಬೋಲ್ಟ್ ತೂತುಗಳ ಅಂತರ, ಪೈಪ್ ಬಾಯಿ ಎಲ್ಲ ಒಂದೇ ಇರಬೇಕು. ಪಂಪಿಗೂ ಎಂಜಿನ್ನಿಗೂ ನಡುವೆ ಇರುವ ದಪ್ಪ ತುಂಡನ್ನು ಬಿಸಾಡಲು ಬಿಡಬೇಡಿ. ಅದು ಎಂಜಿನ್ ಬಿಸಿ ಪಂಪಿಗೆ ತಾಗದ ಹಾಗೆ ತಡೆಯುತ್ತದೆ, ಲಿವರ್ ಎಷ್ಟು ಆಡಬೇಕೆಂಬ ಅಳತೆಯನ್ನೂ ಕಾಪಾಡುತ್ತದೆ. ಅದನ್ನು ಬಿಟ್ಟು ಕೂರಿಸಿದರೆ ಲಿವರ್ ಮುರಿಯಬಹುದು.

ಮೂರನೆಯದು – ಕರೆಂಟ್ ಪಂಪ್. ಮೋಸ ಹೋಗುವುದು ಇಲ್ಲೇ. "ಹೊಸ ಕಾರಿನ ಪಂಪ್ ಇದೆ, ಜೋರಾಗಿ ಎಳೆಯುತ್ತದೆ" ಅಂತ ಹೇಳುತ್ತಾರೆ. ಈ ಜೋರೇ ಅಪಾಯ. ಟೈರಿಗೆ ಗಾಳಿ ಹಿಡಿಸುವಾಗ 28, 30 ಪೌಂಡ್ ಅನ್ನುತ್ತೇವಲ್ಲ, ಅದೇ ಅಳತೆಯಲ್ಲಿ ಹೇಳುವುದಾದರೆ ಕಾರ್ಬೊರೇಟರ್ ಇರುವ ಹಳೆ ಕಾರಿಗೆ ಬೇಕಾದ ಒತ್ತಡ ಸುಮಾರು 2ರಿಂದ 4 ಪೌಂಡ್. ಕಾರ್ಬೊರೇಟರ್ ಇಲ್ಲದ ಈಗಿನ ಇಂಜೆಕ್ಷನ್ ಕಾರುಗಳ ಪಂಪ್ 40 ಪೌಂಡಿಗೂ ಮೇಲೆ ಒತ್ತುತ್ತದೆ. ಕಾರ್ಬೊರೇಟರಿನ ಒಳಗಿನ ಸಣ್ಣ ಸೂಜಿ ಇದನ್ನು ತಡೆಯಲಾರದು. ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಒಂದು ಕಿಡಿ ಸಾಕು.

ಕರೆಂಟ್ ಪಂಪನ್ನೇ ಹಾಕಿಸುವುದಾದರೆ:
• ಕಾರ್ಬೊರೇಟರ್ ಗಾಡಿಗೆಂದೇ ಮಾಡಿದ ಕಡಿಮೆ ಒತ್ತಡದ ಪಂಪ್ ಆಗಿರಬೇಕು.
• ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ಕೇಳಿ. ಬಹಳ ಹಳೆಯ ಕೆಲವು ಗಾಡಿಗಳು 6 ವೋಲ್ಟಿನವು.
• ಟ್ಯಾಂಕಿನ ಹತ್ತಿರ, ಕೆಳಮಟ್ಟದಲ್ಲಿ ಕೂರಿಸಬೇಕು. ಇಂಥ ಪಂಪಿಗೆ ಎಳೆಯುವುದಕ್ಕಿಂತ ತಳ್ಳುವುದು ಸುಲಭ.
• ಫ್ಯೂಸ್ ಇರಲೇಬೇಕು. ಡಿಕ್ಕಿಯಾದರೆ ಪಂಪ್ ತಾನಾಗಿ ನಿಲ್ಲುವ ಸ್ವಿಚ್ ಕೂಡ ಬೇಕು. ಎ.ಸಿ. ಪಂಪ್ ಎಂಜಿನ್ ಜೊತೆಗೆ ನಿಲ್ಲುತ್ತದೆ. ಕರೆಂಟ್ ಪಂಪ್ ಹಾಗಲ್ಲ, ಗಾಡಿ ಮಗುಚಿದ್ದರೂ ಪೆಟ್ರೋಲ್ ತಳ್ಳುತ್ತಲೇ ಇರಬಹುದು.

ನೆನಪಿಡಿ: ಜೋರಾದ ಪಂಪ್ ಒಳ್ಳೆಯ ಪಂಪ್ ಅಲ್ಲ, ಹೊಂದುವ ಪಂಪ್ ಒಳ್ಳೆಯ ಪಂಪ್.

4. ಈಗಿನ ಪೆಟ್ರೋಲ್, ಅಂದಿನ ರಬ್ಬರು

ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥನಾಲನ್ನು ಈಗ ಪೆಟ್ರೋಲಿಗೆ ಬೆರೆಸುತ್ತಾರೆ. ದೇಶದಲ್ಲಿ 2022ರ ಜೂನ್ ಹೊತ್ತಿಗೆ ಇದು ನೂರಕ್ಕೆ 10 ಭಾಗ ಮುಟ್ಟಿತು. 20 ಭಾಗ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು.

ಹಳೆ ಕಾರಿನ ರಬ್ಬರು ಈ ಪೆಟ್ರೋಲಿಗೆಂದು ಮಾಡಿದ್ದಲ್ಲ. ಎಥನಾಲ್ ತಾಗಿ ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರಿಯುತ್ತದೆ. ಆದ್ದರಿಂದ ಕಿಟ್ ಮತ್ತು ಪೈಪ್ ಕೊಳ್ಳುವಾಗ "ಎಥನಾಲ್ ತಡೆಯುತ್ತದೆಯೇ?" ಎಂದು ಕೇಳಿ. 'ವೈಟಾನ್' ಎಂಬ ಬಗೆಯ ರಬ್ಬರು ತಡೆಯುತ್ತದೆ. ಅಂಗಡಿಯವರು "ಒರಿಜಿನಲ್ ಹಳೇ ಸ್ಟಾಕು" ಎಂದು ಕೊಟ್ಟರೆ ಹಿಗ್ಗಬೇಡಿ. ಇಪ್ಪತ್ತು ಮೂವತ್ತು ವರ್ಷ ಕಪಾಟಿನಲ್ಲಿ ಕೂತ ರಬ್ಬರು ಡಬ್ಬಿಯಲ್ಲೇ ಗಡುಸಾಗಿರುತ್ತದೆ.

ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಡಿ ನಿಂತೇ ಇದ್ದರೆ ನೀರು ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಪಂಪು ಎಳೆಯುವುದೂ ತಳದಿಂದಲೇ.

5. ಜೋಪಾನ ಮಾಡುವ ಕ್ರಮ

• ವಾರಕ್ಕೊಮ್ಮೆ: ಆಯಿಲ್ ಮಟ್ಟ ನೋಡಿ. ಗಾಡಿ ನಿಲ್ಲಿಸಿದ ನೆಲದಲ್ಲಿ ಕಲೆ ಇದೆಯೇ, ಪೆಟ್ರೋಲ್ ವಾಸನೆ ಇದೆಯೇ ಗಮನಿಸಿ.
• ತಿಂಗಳಲ್ಲಿ ಎರಡು ಸಲವಾದರೂ: ಗಾಡಿಯನ್ನು ಸ್ವಲ್ಪ ದೂರ ಓಡಿಸಿ. ಒಣಗಿದ ರಬ್ಬರು ಬಿರುಕು ಬಿಡುತ್ತದೆ.
• ಮೂರು ತಿಂಗಳಿಗೊಮ್ಮೆ: ಪಂಪಿನ ಗಾಜಿನ ಬಟ್ಟಲು ಅಥವಾ ಜಾಲರಿಯನ್ನು ಬಿಚ್ಚಿಸಿ ಕಸ, ನೀರು ತೆಗೆಸಿ.
• ವರ್ಷಕ್ಕೊಮ್ಮೆ: ಫಿಲ್ಟರ್ ಬದಲಿಸಿ. ಅದರ ಮೇಲಿನ ಬಾಣ ಪೆಟ್ರೋಲ್ ಹರಿಯುವ ಕಡೆಗೆ ಇರಬೇಕು. ಪೈಪನ್ನು ಬಾಗಿಸಿ ನೋಡಿ, ಬಿರುಕಿದ್ದರೆ ಬದಲಿಸಿ. ಕ್ಲಿಪ್ಪುಗಳನ್ನು ಬಿಗಿ ಮಾಡಿಸಿ.
• ಮಳೆಗಾಲದಲ್ಲಿ: ಟ್ಯಾಂಕು ಖಾಲಿ ಇಡಬೇಡಿ. ಖಾಲಿ ಜಾಗದಲ್ಲೇ ತೇವ ಕಟ್ಟುವುದು.

ಬಿಲ್ಲು ಮತ್ತು ತಾರೀಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಲೆಕ್ಕ ಬರೆಯುವುದು ನಮಗೆ ಹೊಸದಲ್ಲ.

6. ಮನೆಯ ಸುರಕ್ಷತೆ

• ಪಂಪ್ ಬಿಚ್ಚುವ ಮೊದಲು ಬ್ಯಾಟರಿ ವಯರ್ ತೆಗೆಯಬೇಕು. ಒಲೆ, ಬೀಡಿ, ದೀಪ ಹತ್ತಿರ ಇರಬಾರದು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡ.
• ಪೆಟ್ರೋಲ್ ಬೆಂಕಿಗೆ ನೀರು ಹೊಯ್ಯಬೇಡಿ, ಬೆಂಕಿ ಹರಡುತ್ತದೆ. ಒಣ ಮರಳು ಅಥವಾ ಪುಡಿಯ ಅಗ್ನಿಶಾಮಕ ಡಬ್ಬ ಹತ್ತಿರ ಇರಲಿ.
• ಬಾಯಿಂದ ಪೈಪು ಚೀಪಿ ಪೆಟ್ರೋಲ್ ಎಳೆಯುವ ಅಭ್ಯಾಸ ನಿಲ್ಲಿಸಿ. ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.
• ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡಬೇಡಿ. ಮಕ್ಕಳು ಕುಡಿದಾರು. ಕುಡಿದರೆ ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

7. ಸಾಲದ ಅರ್ಜಿ ಬಂದಾಗ

ಸಂಘ ಈ ನಾಲ್ಕು ಕೇಳಲಿ: ಪಂಪನ್ನು ಪರೀಕ್ಷಿಸಿ ತೋರಿಸಿದ್ದಾರೆಯೇ? ಕಿಟ್ ಹಾಕಿದರೆ ಸಾಲದೇ? ಯಾವ ಬಗೆಯ ಪಂಪ್, ಒತ್ತಡ ಎಷ್ಟು? ತೆಗೆದ ಹಳೆ ಭಾಗವನ್ನು ಮನೆಗೆ ಕೊಡುತ್ತಾರೆಯೇ?

ಇನ್ನೊಂದು ಮಾತು. ಮದುವೆ ದಿಬ್ಬಣಕ್ಕೆ ಬಾಡಿಗೆ ಬಿಡಲು ತೀರಾ ಹಳೆಯ ಕಾರು ಕೊಳ್ಳುತ್ತೇವೆ, ರಿಪೇರಿ ಮಾಡಿಸುತ್ತೇವೆ ಎಂದು ಯಾರಾದರೂ ಸಾಲ ಕೇಳಿದರೆ ನೋಂದಣಿ ಪುಸ್ತಕ ನೋಡಿ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅದರ ನಂಬರಿನಲ್ಲಿ 'ವಿ.ಎ.' ಅಕ್ಷರ ಇರುತ್ತದೆ. ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಕ್ಕೆ ರಸ್ತೆಗಿಳಿಸಬಹುದೇ ಹೊರತು ಬಾಡಿಗೆಗೆ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬಾಡಿಗೆ ಬಾರದ ಗಾಡಿಯಿಂದ ಕಂತು ಹೇಗೆ ಹುಟ್ಟೀತು?

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಹಳೆ ಪೆಟ್ರೋಲ್ ಗಾಡಿ ಇದೆ? ಅದರ ಪಂಪ್ ಯಾವ ಬಗೆಯದು?
2. ಕಳೆದ ಒಂದು ವರ್ಷದಲ್ಲಿ ಗಾಡಿ ರಿಪೇರಿಗೆ ಎಷ್ಟು ಸಾಲ ಕೊಟ್ಟಿದ್ದೇವೆ? ಬಿಲ್ಲು ನೋಡಿದ್ದೇವೆಯೇ?
3. ಪೆಟ್ರೋಲ್ ಡಬ್ಬಿಯನ್ನು ಅಡುಗೆಮನೆಯಲ್ಲಿ, ಮಂಚದ ಕೆಳಗೆ ಇಡುವವರು ಇದ್ದಾರೆಯೇ? ಇವತ್ತೇ ಅದನ್ನು ಎಲ್ಲಿಗೆ ಸಾಗಿಸೋಣ?

ಮುಂದಿನ ಸಭೆಗೆ ಬರುವಾಗ ಗಾಡಿ ಇರುವ ಮನೆಯವರು ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ ಬನ್ನಿ. ಏನು ಕಂಡಿತೆಂದು ಉಳಿದವರಿಗೂ ಹೇಳಿ.